ಬಾಯಲ್ಲೇ ಇದ್ದ ಪಾಸ್‌ವರ್ಡ್

ಹೆಣದ ಹೆಬ್ಬೆರಳು ಹಿಡಿದು ಮೋಹನ್ ಕುಮಾರ್ ಸತ್ತವನದೇ ಮೊಬೈಲಿಗೆ ಒತ್ತುತ್ತಿದ್ದ. ಹಾರ ಸರಿಮಾಡುವವನಂತೆ ಬಗ್ಗಿದ್ದರಿಂದ ಅಂಗಳದ ಜನಕ್ಕೆ ಅವನ ಬೆನ್ನಷ್ಟೇ ಕಾಣುತ್ತಿತ್ತು. ಗಂಡನ ತಲೆಯ ಹತ್ತಿರ ಕೂತಿದ್ದ ಮಂಗಳಾಗೆ ಎಲ್ಲವೂ ಕಾಣುತ್ತಿತ್ತು. ಒಮ್ಮೆ ಒತ್ತಿದ. ಆಗಲಿಲ್ಲ. ತಣ್ಣಗಿದ್ದ ಬೆರಳನ್ನು ತನ್ನ ಪಂಚೆಗೆ ಒರೆಸಿ ಮತ್ತೆ ಒತ್ತಿದ. ಥೂ, ಸತ್ತವನ ಬೆರಳನ್ನು ಎಂಜಲು ಚಮಚ ಒರೆಸಿದ ಹಾಗೆ ಒರೆಸುತ್ತಾನಲ್ಲ ಎಂದುಕೊಂಡಳು.

"ಮೊಬೈಲ್ ಕೊಡಿ ಇಲ್ಲಿ," ಎಂದು ಕೈ ಚಾಚಿದಳು.

ಮೋಹನ್ ಕುಮಾರ್ ಬೆಚ್ಚಿಬಿದ್ದು ಕೊಟ್ಟ. ಅವನು ತೆಂಗು ಬೆಳೆಗಾರರ ಸೊಸೈಟಿಯ ಕಾರ್ಯದರ್ಶಿ. ಮಂಗಳಾಳ ಗಂಡ ರಂಗರಾಜು ಅಲ್ಲೇ ಬಿಲ್ಲು ಹಾಕುವ ಗುಮಾಸ್ತನಾಗಿದ್ದ. ನಿನ್ನೆ ಕೊಬ್ಬರಿ ಮೂಟೆಗಳ ಪಕ್ಕದಲ್ಲಿ ಎದೆ ಹಿಡಿದುಕೊಂಡು ಕುಸಿದವನು ತಿಪಟೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದುಹೋಗಿದ್ದ.

"ತಪ್ಪು ತಿಳ್ಕೋಬೇಡ ಕಣಮ್ಮ. ಆಫೀಸ್ ಕಂಪ್ಯೂಟರ್ ಪಾಸ್‌ವರ್ಡ್ ಇದ್ರಲ್ಲೇನಾದ್ರೂ ಐತೇನೋ ಅಂತ. ನಿಂಗೇನಾದ್ರೂ ಹೇಳಿದ್ನಾ?"

"ನೀವು ಅವ್ರನ್ನೇ ಕೇಳಿರ್ಲಿಲ್ವಾ?"

"ಕೇಳ್ದಾಗೆಲ್ಲ ಬುಡು, ಬುಡು ಅಂತಿದ್ದ. ಒಂದ್ ದಿನಾನೂ ನೆಟ್ಟಗೆ ಬಾಯ್ಬುಡ್ಲಿಲ್ಲ. ಧಿಮಾಕು!" ಎಂದವನು ನಾಲಿಗೆ ಕಚ್ಚಿಕೊಂಡು, "ಒಳ್ಳೇ ಮನುಷ್ಯ, ಪಾಪ," ಎಂದು ಸೇರಿಸಿದ.

ಮಂಗಳಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಪಕ್ಕದ ಹೆಂಗಸರು ಬೆನ್ನು ಸವರಿದರು.

*

ಹೋದ ವರ್ಷದವರೆಗೆ ಸೊಸೈಟಿಯಲ್ಲಿದ್ದದ್ದು ಕಳ್ಳ ಕಾಪಿಯ ವಿಂಡೋಸ್. ವೈರಸ್ ಬಂದು ಲೆಕ್ಕವನ್ನೆಲ್ಲ ನುಂಗಿ ನೀರು ಕುಡಿಯಿತು. ದುಡ್ಡು ಕೊಟ್ಟು ಅಸಲಿಯದು ತರಲು ನಿರ್ದೇಶಕರು ಒಪ್ಪಲಿಲ್ಲ. "ಬಿಟ್ಟಿ ಸಿಗೋದು ಯಾವ್ದೋ ಐತಂತಲ್ಲ, ಅದ್ನೇ ಹಾಕ್ಲಾ," ಎಂದು ಮೋಹನ್ ಕುಮಾರನೇ ರಂಗರಾಜುವಿನ ತಲೆಗೆ ಕಟ್ಟಿದ. ರಂಗರಾಜು ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು, ಕೆಡಿಸಿಕೊಂಡು, ಬೈಸಿಕೊಂಡು, ಅಂತೂ ಇಂತೂ ಲಿನಕ್ಸ್ ಹಾಕಿದ. ಇದೂ ಒಂದಿರಲಿ ಅಂತ ಬಿಲ್ಲನ್ನೂ ಕನ್ನಡಕ್ಕೆ ತಿರುಗಿಸಿದ.

ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ರಂಗರಾಜುವಿನ ಅಕ್ಕ ಪುಟ್ಟಕ್ಕ ಕೊಬ್ಬರಿ ಹಾಕಿ, ಬಂದ ಬಿಲ್ಲನ್ನು ಸೊಸೈಟಿಯ ಬಾಗಿಲಲ್ಲೇ ನಿಂತು ಜೋರಾಗಿ ಓದಿದಳು. "ತೇವದ ಕಡಿತ. ಕೆಳಗೆ ಇನ್ನೊಂದು ತೇವದ ಕಡಿತ! ಅಲ್ಲಾ, ಒಂದೇ ಕೊಬ್ಬರಿ ಎರಡ್ ಸಲ ನೆನೀತದೇನ್ರಪ್ಪಾ?"

ಮೊದಲಿನ ಇಂಗ್ಲಿಷ್ ಬಿಲ್ಲಿನಲ್ಲಿ ಅವೆರಡೂ ಬೇರೆ ಬೇರೆ ಗಿಡ್ಡ ಅಕ್ಷರಗಳಾಗಿದ್ದವು. ಎಷ್ಟೋ ವರ್ಷ ಯಾರಿಗೂ ತಿಳಿದಿರಲಿಲ್ಲ. ಎರಡನೆಯ ಕಡಿತ ಹೋಗುತ್ತಿದ್ದದ್ದು ಮೋಹನ್ ಕುಮಾರನ ಜೇಬಿಗೆ. ಎರಡೆರಡು ಕಡಿತವಿದ್ದ ಆ ಕನ್ನಡ ಬಿಲ್ಲುಗಳನ್ನು ಅಳಿಸು ಎಂದು ಅವನು ಗಂಟುಬಿದ್ದ. ರಂಗರಾಜು ಅಳಿಸುವ ಬದಲು ಕಂಪ್ಯೂಟರಿಗೆ ಪಾಸ್‌ವರ್ಡಿನ ಬೀಗ ಹಾಕಿಟ್ಟ.

ಅವತ್ತು ಮುದ್ದೆ ಬಡಿಸುತ್ತಾ ಮಂಗಳಾ ಕೇಳಿದ್ದಳು. "ಪಾಸ್‌ವರ್ಡ್ ಏನಿಟ್ರಿ?"

"ಬುಡು."

"ನಂಗೂ ಹೇಳಲ್ವಾ?"

"ಹೇಳ್ದೆನಲ್ಲೇ. ಬುಡು."

ಸಿಟ್ಟಿಗೆ ಅವಳು ಎರಡನೆಯ ಮುದ್ದೆ ಹಾಕಲೇ ಇಲ್ಲ. ರಂಗರಾಜು ನಗು ತಡೆಯಲಾರದೆ ಕೆಮ್ಮಿದ. "ಅಯ್ಯೋ, ಅದೇ ಕಣೇ ಪಾಸ್‌ವರ್ಡ್. ಬುಡು. ಬಿಡು ಅಲ್ಲ, ನಮ್ ಬಾಯಲ್ಲಿ ಬರೋ ಹಂಗೇ. ಕೇಳ್ದೋರಿಗೆ ಸುಳ್ಳು ಹೇಳ್ದಂಗೂ ಆಗಲ್ಲ. ಮುದ್ದೆ ಹಾಕು ಈಗ."

*

ರಂಗರಾಜುವನ್ನು ಮಣ್ಣು ಮಾಡುವ ದಿನದ ಮರುದಿನವೇ ಸೊಸೈಟಿಯ ಮಹಾಸಭೆ ಇತ್ತು. ಬೀಗ ಹಾಕಿದ ಬಿಲ್ಲುಗಳನ್ನು ಎಲ್ಲರೆದುರು ತೆರೆದು ತೋರಿಸುತ್ತೇನೆಂದು ರಂಗರಾಜು ಮಾತು ಕೊಟ್ಟಿದ್ದ. ಹೆಣ ಮನೆಯಲ್ಲಿರುವಾಗಲೇ ಮೋಹನ್ ಕುಮಾರ್ ತುಮಕೂರಿನಿಂದ ದಯಾನಂದ್ ಎಂಬ ರಿಪೇರಿಯವನನ್ನು ಕರೆಸಿ ಆಫೀಸಿನಲ್ಲಿ ಕೂರಿಸಿದ್ದ. ಕಂಪ್ಯೂಟರನ್ನು ಪೂರ್ತಿ ಅಳಿಸಿದರೆ ಸದಸ್ಯರ ಲೆಕ್ಕವೆಲ್ಲ ಹೋಗಿ ಜನ ಮೈಮೇಲೆ ಬೀಳುತ್ತಿದ್ದರು. ಒಳಗೆ ಹೋಗಿ ಆ ಬಿಲ್ಲುಗಳನ್ನಷ್ಟೇ ತೆಗೆಯಬೇಕಿತ್ತು.

ತೋಟದಲ್ಲಿ ಗುಂಡಿ ತೋಡಿದ್ದರು. ಬೇಗ ಮುಗಿಸಿ ಹೊರಡುವ ಆತುರಕ್ಕೆ ಮೋಹನ್ ಕುಮಾರ್ ಹೆಣ ಇಳಿಸುವ ಮುಂಚೆಯೇ ಹಿಡಿ ಮಣ್ಣು ತೆಗೆದುಕೊಂಡು ನಿಂತಿದ್ದ. ನಾಚಿಕೆಗೆಟ್ಟವನು. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಕೈಯಲ್ಲಿ ಮಣ್ಣಿತ್ತಲ್ಲ, ಹೆಬ್ಬೆರಳಲ್ಲಿ ಸ್ಪೀಕರ್ ಒತ್ತಿದ.

"ಆಗ್ತಿಲ್ಲ ಸಾರ್," ಎಂದ ದಯಾನಂದ್. "ಹೆಂಡ್ತಿ ಹೆಸ್ರು ಹಾಕ್ದೆ, ಮನೆದೇವ್ರ ಹೆಸ್ರೂ ಹಾಕ್ದೆ."

"ಥತ್! ಹಾಳಾಗೋಗ್ಲಿ, ಬುಡು!"

"ಏನ್ ಹಾಕ್ಲಿ ಸಾರ್?"

"ಬುಡು ಅಂದ್ನಲ್ಲಯ್ಯಾ! ಬುಡು!"

ಮಂಗಳಾ ಗಕ್ಕನೆ ಫೋನಿನತ್ತ ತಿರುಗಿದಳು. ಫೋನಿನ ಆ ಕಡೆಯಿಂದ ಸದ್ದೇ ಇಲ್ಲ. ಟೈಪ್ ಮಾಡುತ್ತಿದ್ದಾನೇನೋ, ಇಷ್ಟು ದಿನ ಕಾದದ್ದೆಲ್ಲ ಈಗ ಹೋಯಿತೇನೋ ಎಂದುಕೊಂಡಳು.

"ಸರಿ ಸಾರ್," ಎಂದಿತು ಫೋನು. "ಆಫ್ ಮಾಡಿ ಹೊರಡ್ತೀನಿ ಹಂಗಾದ್ರೆ."

ಮಂಗಳಾ ಪುಟ್ಟಕ್ಕನ ತೋಳು ಹಿಡಿದು ಮೆಲ್ಲಗೆ ಹೇಳಿದಳು. "ಅಕ್ಕ, ನಾಳೆ ಸಭೆಗೆ ನಾನೂ ಬತ್ತೀನಿ."

"ಸೂತಕದಾಗೇನೇ? ಜನ ಏನಂದಾರು?"

"ಅಂದ್ಕೊಳ್ಳಿ. ಅವರ ಬದ್ಲು ನಾನೇ ಬಿಲ್ಲು ತೆಗ್ದು ತೋರಿಸ್ತೀನಿ."

ಪುಟ್ಟಕ್ಕ ಅವಳ ಮುಖವನ್ನೇ ನೋಡಿ, ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಗಂಡಸರು ಹೆಣ ಇಳಿಸಲು ಬಂದರು. ಮಂಗಳಾ ಗಂಡನ ಹೆಬ್ಬೆರಳನ್ನು ತನ್ನ ಸೆರಗಿನಿಂದ ಒರೆಸಿ, ಅವನ ಕಿವಿಯ ಹತ್ತಿರ ಬಗ್ಗಿ ಒಂದೇ ಒಂದು ಮಾತು ಹೇಳಿ ಕೈ ಬಿಟ್ಟಳು.

ಮೋಹನ್ ಕುಮಾರ್ ಕತ್ತು ಉದ್ದ ಮಾಡಿದ. ಸರಸರನೆ ಪುಟ್ಟಕ್ಕನ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಕಿವೀಲಿ ಏನೋ ಹೇಳಿದ್ಲಲ್ಲ, ಏನದು?"

"ಗಂಡ ಹೆಂಡ್ತಿ ಮಾತು ನಿಂಗ್ಯಾಕಪ್ಪ?" ಎಂದಳು ಪುಟ್ಟಕ್ಕ. "ಬುಡು."

ಮೋಹನ್ ಕುಮಾರ್ ಮುಖ ಸಪ್ಪೆ ಮಾಡಿಕೊಂಡು, ಮುಷ್ಟಿಯಲ್ಲಿ ಬೆವರಿಗೆ ನೆನೆದಿದ್ದ ಮಣ್ಣನ್ನು ಗುಂಡಿಗೆ ಹಾಕಿದ.