ಮೂರು ಮುಳುಗು

ಗಂಜಿಗೆ ಎಷ್ಟು ಅಕ್ಕಿ, ಎಷ್ಟು ಗೋಂದು, ಎಷ್ಟು ಹೊತ್ತಿನ ಬಿಸಿಲು ಎಂಬುದನ್ನೆಲ್ಲ ನೀತಾ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಳು. ರಸಾಯನಶಾಸ್ತ್ರ ಓದಿದವಳ ಚಾಳಿ. ಹತ್ತೊಂಬತ್ತನೇ ಸಲಕ್ಕೆ ಗಂಜಿ ಹದಕ್ಕೆ ಬಂದು, ಅಚ್ಚಿನ ಮೇಲೆ ಒಂಬತ್ತು ದಿನ ಒಣಗಿದ ಹತ್ತಿಹುರಿಯ ಬಲೆಯ ಉಡುಪು ಮೈಯಿಲ್ಲದೆಯೂ ತಾನೇ ಎದ್ದು ನಿಂತಿತು. ಸೊಂಟದಿಂದ ಸುತ್ತಿಕೊಂಡು ಮೇಲೇರಿ, ತಲೆಯ ಮೇಲೆ ಬಾಗಿ, ಇನ್ನೇನು ಒಡೆಯಬೇಕು ಎನ್ನುವ ಕಡಲ ತೆರೆಯ ಆಕಾರ. ಅಂಕೋಲೆಯ ಅವಳ ಹೊಲಿಗೆ ಅಂಗಡಿಗೆ ರವಿಕೆ ಅಳತೆ ಕೊಡಲು ಬಂದವರು ಅದಕ್ಕೆ ತಾಗದಂತೆ ಸುತ್ತಿ ಹೋಗುತ್ತಿದ್ದರು.

ಫೋಟೋ ನೋಡಿಯೇ ಪಣಜಿಯ ಪ್ರದರ್ಶನವೊಂದಕ್ಕೆ ಅದನ್ನು ಆರಿಸಿದ್ದರು. ಶನಿವಾರ ಸಂಜೆಯೊಳಗೆ ಮುಟ್ಟಿಸಬೇಕು. ಎಂಟು ವರ್ಷ ರವಿಕೆ ಹೊಲಿದವಳಿಗೆ ತೆರೆದದ್ದು ಇದೊಂದೇ ಬಾಗಿಲು. ಅರ್ಜಿಯಲ್ಲಿ ‘ಪೂರ್ತಿ ನನ್ನದೇ ಕೈಕೆಲಸ’ ಎಂದು ಬರೆದು ಸಹಿ ಹಾಕಿದ್ದಳು. ಅದರ ಒಂದೊಂದು ಗಂಟನ್ನೂ ಹಾಕಿದವಳು ಮೀನುಗಾರರ ಊರು ಬೈತಖೋಲದಲ್ಲಿ ಬಲೆ ಹೆಣೆಯುವ ದುರ್ಗಕ್ಕ. ಏತಕ್ಕೆಂದು ಅವಳಿಗೆ ಹೇಳಿರಲಿಲ್ಲ.

ಶುಕ್ರವಾರ ಪಣಜಿಗೆ ಒಯ್ಯಲು ಕಟ್ಟುವಾಗ ತೆರೆಯ ತುದಿಯಲ್ಲಿ ಬಲೆಯ ನಾಲ್ಕು ಕಣ್ಣು ಹರಿದುಹೋಯಿತು. ಸರಿಮಾಡಿಸಲು ಟೆಂಪೊ ಮಾಡಿಸಿಕೊಂಡು ಬೈತಖೋಲಕ್ಕೆ ಒಯ್ದಳು.

ದುರ್ಗಕ್ಕ ಅದರ ಸುತ್ತ ಒಂದು ಸುತ್ತು ಬಂದಳು. “ಇದೆಂತ ಬಲೆ ತಂಗಿ? ಯಾವ ಮೀನಿಗೆ?”

“ಹೊಸ ನಮೂನೆಯದು, ದುರ್ಗಕ್ಕ.”

“ಇದಕ್ಕೆ ಮೀನು ಬೀಳುದಿಲ್ಲ, ಹೆಂಗಸು ಬೀಳ್ತಾಳೆ. ಇದು ಉಡೂದು ಹೌದಲ್ಲ?”

“ಬಲೆಯೇ,” ಎಂದಳು ನೀತಾ.

ಉಡುಪು ಎಂದರೆ ಎಲ್ಲಿಗೆ ಎಂದು ಕೇಳುತ್ತಾಳೆ. ಪಣಜಿಗೆ ಎಂದರೆ ತಾನೂ ಹೊರಡುತ್ತಾಳೆ. ಬಂದರೆ, ಗಂಟು ಹಾಕಿದ್ದು ನಾನು ಎಂದು ನಾಲ್ಕು ಜನರೆದುರು ಹೇಳದೆ ಬಿಡುವವಳಲ್ಲ. ಬಲೆ ಎಂದ ಮೇಲೆ ಇನ್ನೊಂದು ಮಾತನ್ನೂ ನುಂಗಬೇಕಾಯಿತು. ಬಲೆಗೆ ನೀರು ತಾಗಿಸಬೇಡ ಎಂದು ಮೀನುಗಾರರ ಮನೆಯ ಹೆಂಗಸಿಗೆ ಯಾವ ಬಾಯಲ್ಲಿ ಹೇಳುವುದು?

ಮರುದಿನ ಬೆಳಿಗ್ಗೆ ತರಲು ಹೋದಾಗ ಜಗುಲಿಯಲ್ಲಿ ತೆರೆ ಇರಲಿಲ್ಲ. ಬುಟ್ಟಿಯಲ್ಲಿ ಒದ್ದೆ ಬಲೆಯ ಮುದ್ದೆಯೊಂದಿತ್ತು. ಬುಟ್ಟಿಯ ಕೆಳಗೆ ಬೆಳ್ಳಗಿನ ಗಂಜಿನೀರು ಹರಡಿತ್ತು.

“ಕಟ್ಟಿಗೆ ಆಗಿ ಕೂತಿತ್ತಲ್ಲ, ಈಗ ಹಿಡಿದು ನೋಡು, ಹೇಗೆ ಮೆತ್ತಗಾಗಿದೆ,” ಎಂದಳು ದುರ್ಗಕ್ಕ. “ಹೊಸ ಬಲೆ ಸಮುದ್ರ ಕಾಣದೆ ನಮ್ಮ ಮನೆಯಿಂದ ಹೋಗುದಿಲ್ಲ. ಬಲೆಯ ಯಜಮಾನರ ಹೆಸರು ಹೇಳಿ ಮೂರು ಮುಳುಗು ಹಾಕಬೇಕು. ಮೂರು ಸಲವೂ ನಿನ್ನ ಹೆಸರೇ ಹೇಳಿದೆ.”

ಪಣಜಿಗೆ ಹೋಗುವ ಗಾಡಿಗೆ ಮೂರು ತಾಸಿತ್ತು. ಮತ್ತೆ ಒಣಗಲು ಒಂಬತ್ತು ದಿನ ಬೇಕು. ಸಿಟ್ಟು ಮಾಡಲಿಕ್ಕಾದರೂ ಒಂದು ನಿಜ ಹೇಳಬೇಕಿತ್ತು. ನೀತಾ ಬುಟ್ಟಿಯನ್ನೆತ್ತಿ ಸೊಂಟಕ್ಕಿಟ್ಟಳು.

“ಮೊದಲ ಮೀನು ಬಿದ್ದಾಗ ಹೇಳು ಮತ್ತೆ.”

“ಹೇಳ್ತೇನೆ.”

ಅಂಕೋಲೆಗೆ ಮರಳುವ ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಕೈ ಅಡ್ಡ ಹಿಡಿದ. “ಅಕ್ಕಾ, ಬಲೆ ಒಳಗೆ ಬೇಡ. ಮೇಲೆ ಹಾಕಿ.”

ಬಲೆಯಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನೀತಾ ಬಸ್ಸಿನ ಹಿಂದಿನ ಏಣಿ ಹತ್ತಿ, ಮೀನಿನ ಬುಟ್ಟಿಗಳ ನಡುವೆ ಅದನ್ನು ಇಟ್ಟು ಇಳಿದಳು.