ಹದಿನೈದನೆಯ ಸ್ಪ್ರಿಂಗ್

ಶವಪೆಟ್ಟಿಗೆಯ ತಲೆಯ ಬಳಿಯಿದ್ದ ಫೋಟೋವನ್ನು ಝಬೆಲ್ ಕಿತ್ತುಕೊಂಡ ರಭಸಕ್ಕೆ ಮೇಣದಬತ್ತಿಯೊಂದು ಲಿಲಿ ಹೂಗಳ ಮೇಲೆ ಉರುಳಿತು. ಅಣ್ಣ ಅರ್ಶಗ್ ಅದನ್ನು ಎತ್ತಿಟ್ಟು, ತಂಗಿಯ ಎಡಗಿವಿಯಲ್ಲಿ ಏನೋ ಗದರಿದ.

"ಆ ಕಿವಿ ಅಪ್ಪನಿಗಿಂತ ಇಪ್ಪತ್ತೇಳು ವರ್ಷ ಮೊದಲೇ ಸತ್ತಿದೆ. ಈ ಕಡೆ ಬಂದು ಬೈ," ಝಬೆಲ್ ಬಲಗಿವಿ ತೋರಿಸಿದಳು.

"ಅಲ್ಲೇ ಇಡು ಅಂದೆ. ಜನ ನೋಡ್ತಿದಾರೆ."

ನೋಡುತ್ತಿದ್ದರು. ಅಮೆರಿಕದ ವಾಟರ್‌ಟೌನಿನ ಅರ್ಮೇನಿಯನ್ ಹೆಂಗಸರು ಅಳುವುದನ್ನು ನಿಲ್ಲಿಸಿ, ಚೆನ್ನಾಗಿ ಕಾಣುವ ಕುರ್ಚಿಗಳಿಗೆ ಜಾಗ ಬದಲಾಯಿಸಿಕೊಂಡಿದ್ದರು.

ಫೋಟೋ ತಂದವನು ಕಾರ್ಮೈನ್. ತಕ್ಷಣವೇ ಚಿತ್ರ ಮೂಡಿಸುವ ಕ್ಯಾಮೆರಾಗಳ ಕಾರ್ಖಾನೆಯಲ್ಲಿ, ಈಗ ಪೆಟ್ಟಿಗೆಯಲ್ಲಿ ಮಲಗಿರುವ ಅಪ್ಪ ಗರಬೆದ್‌ನ ಜೊತೆಗಾರ. ಗರಬೆದ್ ತೆಗೆದ ಚಿತ್ರಗಳು ಮನೆ ತುಂಬ ಇದ್ದವು. ಅವನಿರುವ ಚಿತ್ರ ಇದೊಂದೇ.

"ಕಾರ್ಖಾನೇಲಿ ಅವನ ಮೇಜಿನ ಮೇಲೆ ಯಾವಾಗ್ಲೂ ಇದೇ ಕಣಮ್ಮ," ಕಾರ್ಮೈನ್ ಮೂಗೊರೆಸಿಕೊಂಡ. ಪೆಟ್ಟಿಗೆಯ ಪಕ್ಕ ಕೊನೆಯದೊಂದು ಚಿತ್ರ ತೆಗೆಯುವುದು ಕಾರ್ಖಾನೆಯವರ ಪದ್ಧತಿ. ಕಾರ್ಮೈನ್‌ನ ಕೊರಳಲ್ಲಿ ಅದಕ್ಕೆಂದೇ ಕ್ಯಾಮೆರಾ ಇತ್ತು. "ಕೈಯೆತ್ತಿ ಹೆಂಗೆ ಕರೀತಿದಾನೆ ನೋಡು, ಮಗಳನ್ನ."

*

ಇಪ್ಪತ್ತೇಳು ವರ್ಷದ ಹಿಂದೆ. ಕ್ಯಾಮೆರಾದೊಳಗಿನ ಡಬ್ಬಿಯಲ್ಲಿ ಹತ್ತು ಫೋಟೋ ಹಾಳೆ. ತಳದಲ್ಲಿ ಅವನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗ್. ಬಿಗಿಯಾದರೆ ಎರಡು ಹಾಳೆ ಒಟ್ಟಿಗೆ ಹೊರಟು ಸಿಕ್ಕಿಕೊಳ್ಳುತ್ತಿದ್ದವು, ಸಡಿಲವಾದರೆ ಒಂದೂ ಹೊರಡುತ್ತಿರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಗರಬೆದ್ ಹಾಕಿ ನೋಡಿದ ಹದಿನಾಲ್ಕು ಸ್ಪ್ರಿಂಗ್ ಸತ್ತು ಬಿದ್ದಿದ್ದವು. ಕ್ಯಾಮೆರಾವನ್ನು ಅಪ್ಪನತ್ತ ಹಿಡಿದು ಗುಂಡಿ ಒತ್ತುವ ಕೆಲಸ ಒಂಬತ್ತು ವರ್ಷದ ಝಬೆಲ್‌ಳದು.

ಹದಿನೈದನೆಯದಕ್ಕೆ ಅವಳ ಬೆರಳು ಪೂರ್ತಿ ಒತ್ತಲಿಲ್ಲ.

"ಒತ್ತೋಕೂ ಬರಲ್ವೇನೇ, ಕತ್ತೆ?"

ಗರಬೆದ್ ಕೈಯೆತ್ತಿದ. ಹೆದರಿದ ಬೆರಳು ಇನ್ನೊಮ್ಮೆ ಒತ್ತಿತು. ಹಾಳೆ ಬೆಣ್ಣೆಯಂತೆ ಜಾರಿ ಬಂತು. ಏಟು ಅದರ ಹಿಂದೆಯೇ ಬಂತು. ಹುಡುಗಿಯ ತಲೆ ಒಲೆಯ ಅಂಚಿಗೆ ಬಡಿಯಿತು.

ಅವನು ನೆಲದಿಂದ ಎತ್ತಿಕೊಂಡಿದ್ದು ಹಾಳೆಯನ್ನು. ಚಿತ್ರ ಮೂಡುವವರೆಗೆ ಗಡಿಯಾರ ನೋಡುತ್ತ ಕಾದ.

"ಬಣ್ಣ ಅಂಚಿನಿಂದ ಅಂಚಿಗೆ ಸಮ!" ಎಂದು ಕೂಗಿದ. ತಾಯಿ ಮಗಳ ಕಿವಿಗೆ ಒತ್ತಿ ಹಿಡಿದ ಪಾತ್ರೆ ಒರೆಸುವ ಬಟ್ಟೆ ಕೆಂಪಾಗುತ್ತಿತ್ತು.

*

ಝಬೆಲ್ ಫೋಟೋದ ಚೌಕಟ್ಟನ್ನು ಕುರ್ಚಿಯ ಅಂಚಿಗೆ ಬಡಿದು ಒಡೆದಳು. "ಹಿಂದೆ ಏನು ಬರೆದಿದೆ ಓದು, ಕಾರ್ಮೈನ್ ಮಾಮಾ. ಜೋರಾಗಿ."

"ಹದಿನೈದನೇ ಸ್ಪ್ರಿಂಗ್. ಸರಿ."

"ನನ್ನ ಹೆಸರು?"

"ಇಲ್ಲ ಕಣಮ್ಮ."

"ಕರೀತಿರಲಿಲ್ಲ ಮಾಮಾ, ಹೊಡೀತಿದ್ದ. ಈ ಕಿವಿ ಅವತ್ತೇ—"

ಅರ್ಶಗ್ ಅವಳ ಜುಟ್ಟು ಹಿಡಿದೆಳೆದ. ಹೂಗುಚ್ಛಗಳು ಉರುಳಿದವು. "ಸತ್ತೋನ ಮುಂದೆ ಬಾಯಿ ಬಿಡ್ತೀಯೇನೇ, ಕತ್ತೆ?" ಎಂದು ಕೈಯೆತ್ತಿದ.

ಹೆದರಿದ್ದು ಈ ಸಲ ಕಾರ್ಮೈನ್‌ನ ಬೆರಳು. ಕ್ಯಾಮೆರಾ ಗುರ್ರೆಂದು ಹಾಳೆಯನ್ನು ಹೊರಕ್ಕೆ ತಳ್ಳಿತು.

ಹಾಳೆಯ ಬೂದುಬಣ್ಣದೊಳಗಿಂದ ಮೊದಲು ಲಿಲಿಗಳು ಬಂದವು, ಆಮೇಲೆ ಪೆಟ್ಟಿಗೆಯ ಅಂಚು, ಆಮೇಲೆ ಅಗಲಿಸಿದ ಐದು ಬೆರಳು.

"ಅಂಚಿನಿಂದ ಅಂಚಿಗೆ..." ಕಾರ್ಮೈನ್‌ನ ಬಾಯಿ ಅಭ್ಯಾಸಬಲದಿಂದ ಶುರುಮಾಡಿ ನಿಂತಿತು.

ಝಬೆಲ್ ಎರಡೂ ಚಿತ್ರಗಳನ್ನು ತಂದೆಯ ಎದೆಯ ಮೇಲೆ ಪಕ್ಕಪಕ್ಕ ಇಟ್ಟಳು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ಬಗ್ಗಿ ನೋಡಿದರು. ಆಮೇಲೆ ಅರ್ಶಗ್‌ನನ್ನು ನೋಡಿದರು.

ಅವನು ಕೈಯನ್ನು ಇಳಿಸಿ ಜೇಬಿಗೆ ತುರುಕಲು ಹೋದ. ಕೋಟು ಹೊಸದು, ಜೇಬಿನ ಬಾಯಿಗೆ ಹಾಕಿದ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ.