ಪಕ್ಕದ ಸೀಟಿನ ಬ್ರೇಕು

ಎರಡಕ್ಕಿಳಿಸಪ್ಪಾ, ಎರಡಕ್ಕಿಳಿಸು, ಎಂಜಿನ್ನು ಕೆಮ್ಮುತ್ತಿರುವುದು ಕೇಳಿಸುವುದಿಲ್ಲವೇ ನಿನಗೆ — ಕೋರ್ಟಿನ ಕಿಟಕಿಯಾಚೆಯ ಏರಿನಲ್ಲಿ ಯಾವನೋ ಮೂರನೇ ಗೇರಿನಲ್ಲೇ ಕಾರನ್ನು ಎಳೆಯುತ್ತಿದ್ದಾನೆ, ಇನ್ನೇನು ನಿಲ್ಲುತ್ತದೆ, ಹಾಂ, ನಿಂತೇಬಿಟ್ಟಿತು, ಹಿಂದಿನವರ ಹಾರ್ನು ಶುರುವಾಯಿತು, ಕ್ಲಚ್ಚು ಕ್ಲಚ್ಚು ಎಂದು ಇತ್ತ ಕೋರ್ಟಿನೊಳಗೆ ಡ್ರೈವಿಂಗ್ ಮೇಷ್ಟ್ರ ಬಾಯಿ ತನ್ನಷ್ಟಕ್ಕೆ ತಾನೇ ಅಂದುಬಿಟ್ಟಿತು, ಆರೋಪಿಯ ಕಟಕಟೆಯಲ್ಲಿ ನಿಂತವನು ಹಾಗೆಲ್ಲ ಗೊಣಗಬಾರದು, ಅವನ ವಕೀಲ ತಿರುಗಿ ಕಣ್ಣು ಬಿಟ್ಟ, ವಕೀಲ ಅಂದರೆ ಬೇರೆ ಯಾರೂ ಅಲ್ಲ, ಹೆಂಡತಿಯ ಕಡೇ ತಮ್ಮ, ಅಕ್ಕನ ಮದುವೆಯ ದಿನ ಇದೇ ಭಾವನ ಹೆಗಲ ಮೇಲೆ ನಿದ್ದೆ ಹೋಗಿ ಹೊಸ ಅಂಗಿಗೆಲ್ಲ ಜೊಲ್ಲು ಸುರಿಸಿದ್ದವನು, ಈಗ ಕರಿಕೋಟು ಹಾಕಿಕೊಂಡು ಭಾವ, ದಮ್ಮಯ್ಯ, ಸುಮ್ನೆ ನಿಂತ್ಕೊಳ್ಳಿ ಎಂದು ಹಲ್ಲುಕಚ್ಚಿ ಪಿಸುಗುಡುತ್ತಾನೆ, ಆಯಿತಪ್ಪ ನಿಂತೆ, ಇಪ್ಪತ್ತೆರಡು ವರ್ಷ ಪಕ್ಕದ ಸೀಟಿನಲ್ಲಿ ಕೂತು ಊರಿಗೆಲ್ಲ ಕಾರು ಕಲಿಸಿದವನ ಕಿವಿ ಅದು, ಹೇಳಿದರೆ ಕೇಳುತ್ತದೆಯೇ. ನ್ಯಾಯಾಧೀಶರಿಗೆ ನೆಗಡಿ, ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ಕಾಗದ ತಿರುವಿದರು, ಲೈಸೆನ್ಸು ಅಮಾನತಾಗಿದ್ದಾಗ ವಾಹನ ಚಲಾಯಿಸಿದ ಆರೋಪ, ಗುಮಾಸ್ತ ಅದನ್ನು ಓದಿದ್ದು ಮಾರುಕಟ್ಟೆಯ ಧಾರಣೆ ಓದಿದ ಹಾಗಿತ್ತು, ಆದರೆ ಸಾಬೀತಾದರೆ ಲೈಸೆನ್ಸು ಶಾಶ್ವತವಾಗಿ ರದ್ದು, ಅದರ ಹಿಂದೆಯೇ ಡ್ರೈವಿಂಗ್ ಸ್ಕೂಲಿನ ಪರವಾನಗಿಯೂ ರದ್ದು, ಜೈಲೂ ಆಗಬಹುದು ಭಾವ, ಆಗಲಿಕ್ಕಿಲ್ಲ, ಆಗಲೂಬಹುದು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಲಿಕ್ಕೇ ಇವರಿಗೆ ಕಾಲೇಜಿನಲ್ಲಿ ಹೇಳಿಕೊಡುತ್ತಾರೋ ಏನೋ. ನಲವತ್ತೊಂಬತ್ತು ವರ್ಷ, ಬೇರೆ ಕಸುಬು ಗೊತ್ತಿಲ್ಲ, ಹಾಲು ಕಾಯಿಸಲು ಬಿಟ್ಟರೆ ಉಕ್ಕಿಸುತ್ತೀರಿ ಎನ್ನುತ್ತಾಳೆ ಹೆಂಡತಿ, ಅವಳು ಹಿಂದಿನ ಬೆಂಚಿನಲ್ಲಿ ಕೂತಿದ್ದಾಳೆ, ತಿರುಗಿ ನೋಡಬಾರದು, ನೋಡಿದರೆ ಮುಖದಲ್ಲೇ ಎಲ್ಲವನ್ನೂ ಓದಿಬಿಡುತ್ತಾಳೆ.

ಅವಳು ಆವತ್ತೇ ಹೇಳಿದ್ದಳು, ಅಮಾನತಿನ ಪತ್ರ ಬಂದ ದಿನವೇ, ಮೂರು ತಿಂಗಳು ಬೇರೆ ಯಾರನ್ನಾದ್ರೂ ಕೂರಿಸ್ರೀ, ನೀವು ಮನೇಲಿರಿ ಎಂದು, ಗಾಡಿ ಓಡಿಸುವಾಗ ಫೋನಿನಲ್ಲಿ ಮಾತಾಡಿ ಮೂರು ಸಲ ಸಿಕ್ಕಿಬಿದ್ದಿದ್ದ, ಮೂರು ಸಲವೂ ಕಲಿಯುವವರ ಫೋನೇ, ನಾಳೆ ಎಷ್ಟು ಗಂಟೆಗೆ ಮೇಷ್ಟ್ರೇ ಅಂತ, ಹೇಳೋದು ಶಾಸ್ತ್ರ ಇಕ್ಕೋದು ಗಾಳ ಅಂತಾರಲ್ಲ, ಬೋರ್ಡಿನ ಮೇಲೆ ಫೋನು ಬೇಡ ಎಂದು ಬರೆಸಿದವನೂ ಅವನೇ. ಹೆಂಡತಿಯ ಮಾತಿಗವನು ನಕ್ಕಿದ್ದ, ಲೇ, ನಾನೆಲ್ಲಿ ಓಡಿಸ್ತೀನೇ, ಕೂತ್ಕೋತೀನಿ ಅಷ್ಟೆ, ಅವರು ತಡೆದಿರೋದು ನನ್ನ ಕೈಯನ್ನ, ಬಾಯನ್ನಲ್ಲ. ಹಾಗೆ ಹಾಗೆಯೇ ಹೆಚ್ಚುಕಡಿಮೆ ಹನ್ನೆರಡು ವಾರ ದೂಡಿದ, ಇನ್ನು ಒಂಬತ್ತೇ ದಿನ ಉಳಿದಿತ್ತು, ಒಂಬತ್ತು ದಿನ ಮನೆಯಲ್ಲಿ ಬಿದ್ದುಕೊಂಡಿದ್ದರೆ ಗಂಟೇನು ಹೋಗುತ್ತಿತ್ತು ಮಾರಾಯ, ಕೆಟ್ಟ ಕಾಲಕ್ಕೆ ಬುದ್ಧಿಯೂ ರಜೆ ಹಾಕುತ್ತದೆ. ಅಮಾನತಿನಲ್ಲಿದ್ದಾಗ ಕಲಿಸಿದ್ದಕ್ಕೆ ಸಾರಿಗೆ ಕಚೇರಿಯವರು ಎಚ್ಚರಿಕೆಯ ಪತ್ರ ಕೊಟ್ಟು ಬಿಟ್ಟರು, ಅದು ಮುಗಿಯಿತು, ಇದು ಬೇರೆ, ಇದು ಕೈಯ ವಿಚಾರ, ಅಂಗಡಿಬೀದಿಯ ಪೊಲೀಸಿನವನು ಓಡಿ ಬಂದಾಗ ಮೇಷ್ಟ್ರ ಬಲಗೈ ಸ್ಟೇರಿಂಗಿನ ಮೇಲಿತ್ತು, ಕಾರಿನ ಮೂತಿ ಫುಟ್‌ಪಾತಿನ ಮೇಲೆ ಹತ್ತಿ ಪೀಠೋಪಕರಣದ ಅಂಗಡಿಯವನು ಹೊರಗೆ ನಿಲ್ಲಿಸಿದ್ದ ಹೊಚ್ಚಹೊಸ ಬೀರುವಿನ ಹೊಟ್ಟೆಯೊಳಗಿತ್ತು.

ಇದೇ ನಮ್ಮ ಕೇಸು ಭಾವ, ಎಂದಿದ್ದ ಭಾವಮೈದ, ಊಟದ ಮೇಜಿನ ಮೇಲೆ ಬೆಂಕಿಪೊಟ್ಟಣ ಇಟ್ಟು ಇದು ಕಾರು ಅಂದ, ಉಪ್ಪಿನ ಡಬ್ಬಿ ಇಟ್ಟು ಇದು ರಸ್ತೆ ದಾಟ್ತಿದ್ದ ಮುದುಕಪ್ಪ ಅಂದ, ಮೇಷ್ಟ್ರ ಕನ್ನಡಕದ ಗೂಡು ಬೀರುವಾಯಿತು, ಅಕ್ಕ ಸಾರಿನ ಪಾತ್ರೆ ಹಿಡಿದು ಎಲ್ಲಿಡಲಿ ಎಂದು ನಿಂತೇ ಇದ್ದಳು. ನೋಡಿ, ಪೊಲೀಸಪ್ಪ ನಿಮ್ಮ ಕೈ ಸ್ಟೇರಿಂಗ್ ಮೇಲೆ ನೋಡಿದಾನೆ, ಅದನ್ನ ಇಲ್ಲ ಅನ್ನೋಕಾಗಲ್ಲ, ಕೈ ಯಾಕೆ ಅಲ್ಲಿಗೆ ಹೋಯ್ತು ಅನ್ನೋದಷ್ಟೇ ನಾವು ಹೇಳ್ಬೇಕು, ಕಲಿಯೋ ಹೆಂಗಸು ಗಾಬರಿಯಾದ್ರು, ಬ್ರೇಕ್ ಒತ್ತಲಿಲ್ಲ, ಮುದುಕಪ್ಪ ಇನ್ನೇನು ಚಕ್ರದ ಕೆಳಗೆ ಹೋಗ್ತಿದ್ದ, ನೀವು ಸ್ಟೇರಿಂಗ್ ಎಳೆದ್ರಿ, ಪ್ರಾಣ ಉಳೀತು, ಬೇರೆ ದಾರಿಯೇ ಇಲ್ದೆ ಪ್ರಾಣ ಉಳಿಸೋಕೆ ಮಾಡಿದ್ದನ್ನ ಯಾವ ಕೋರ್ಟೂ ಅಪರಾಧ ಅನ್ನಲ್ಲ ಭಾವ, ಎಂದು ಉಪ್ಪಿನ ಡಬ್ಬಿಯನ್ನು ಎತ್ತಿ ಮುತ್ತು ಕೊಟ್ಟ, ಪಾಪ, ಅವನಿಗೂ ಇದು ದೊಡ್ಡ ಕೇಸು, ಈವರೆಗೆ ಬಾಡಿಗೆ ಕರಾರು ಬರೆದುಕೊಂಡಿದ್ದವನು. ಆಮೇಲೆ ಕೇಳಿದ, ಇಷ್ಟೇ ತಾನೆ ಆಗಿದ್ದು? ಹೂಂ ಅಂದ ಭಾವ. ಬಾಯಿ ತೆರೆಯದೆಯೂ ಸುಳ್ಳು ಹೇಳಬಹುದು, ಹೂಂ ಎನ್ನಲು ತುಟಿ ಬೇರೆಯಾಗಬೇಕಾಗಿಲ್ಲ, ಅಕ್ಕ ಸಾರು ಬಡಿಸಿದಳು, ತಮ್ಮ ಬೆಂಕಿಪೊಟ್ಟಣವನ್ನು ಜೇಬಿಗಿಳಿಸಿದ, ಭಾವ ಎರಡು ತುತ್ತು ತಿಂದು ಎದ್ದ.

ಸಾಕ್ಷಿಯನ್ನು ಕೂಗಿದರು. ಸಿಸ್ಟರಮ್ಮ ಬಂದರು, ಆಸ್ಪತ್ರೆಯಲ್ಲಿ ಮೂವತ್ತು ವರ್ಷದಿಂದ ದಾದಿಯಾಗಿರುವ ಹೆಂಗಸು, ಐವತ್ತೆರಡು ವಯಸ್ಸು, ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಬಸ್ಸಿನ ಟಿಕೆಟ್ಟು ಇನ್ನೂ ಮಡಚಿಕೊಂಡೇ ಇದೆ, ಬಸ್ಸಿನಲ್ಲೇ ಬಂದಿದ್ದಾರೆ, ಮತ್ತೆ ಬಸ್ಸಿನಲ್ಲೇ. ಕಾರು ಕಲಿಯಲು ಮೊದಲ ದಿನ ಬಂದಾಗ ಹೇಳಿದ್ದರು, ಮೇಷ್ಟ್ರೇ, ಮನೇಲೇ ಮಲಗಿರೋ ರೋಗಿಗಳ್ನ ನೋಡಿ ಬರೋ ಕೆಲಸ ಇದೆ, ಆಸ್ಪತ್ರೆಯೋರೇ ಕಾರು ಕೊಡ್ತಾರೆ, ಓಡಿಸೋಕೆ ಬಂದ್ರೆ ಸಾಕು, ನಂಗೆ ವಾರ್ಡು ಸಾಕಾಗಿದೆ, ಒಂದು ಮನೆಯಿಂದ ಇನ್ನೊಂದು ಮನೆಗೆ ನನ್ನ ಪಾಡಿಗೆ ನಾನು ಹೋಗ್ಬೇಕು, ನಡುವೆ ಯಾವ್ದಾದ್ರೂ ಮರದ ಕೆಳಗೆ ನಿಲ್ಲಿಸಿ ಡಬ್ಬಿ ತೆಗೆದು ಊಟ ಮಾಡ್ಬೇಕು — ಹೇಳುವಾಗ ಮುಖ ಹದಿನೆಂಟರ ಹುಡುಗಿಯದು. ಕಲಿಯಲು ತಡವಾಯಿತು, ಇಪ್ಪತ್ತು ಪಾಠದಲ್ಲಿ ಕಲಿಯುವುದನ್ನು ಮೂವತ್ತಾರಕ್ಕೆ ಎಳೆದರು, ಗೇರು ಹಾಕುವ ಮುಂಚೆ ಕ್ಷಮಿಸಪ್ಪಾ ಎಂದು ಗಾಡಿಗೆ ಹೇಳುತ್ತಿದ್ದರು, ಅವನು ನಗುತ್ತಿದ್ದ, ಸಿಸ್ಟರಮ್ಮ, ಅದಕ್ಕೆ ಇಂಜೆಕ್ಷನ್ ಚುಚ್ತಾ ಇಲ್ಲ ನೀವು, ಗೇರ್ ಹಾಕ್ತಾ ಇದೀರಿ. ಆದರೆ ಆ ಬೆಳಗ್ಗೆ ಬೇರೆಯಾಗಿತ್ತು, ನೀರಿನ ಟ್ಯಾಂಕಿನ ತಿರುವಿನಿಂದ ಅಂಗಡಿಬೀದಿಯವರೆಗೆ ಒಂದು ಮಾತನ್ನೂ ಹೇಳಿಸಿಕೊಳ್ಳಲಿಲ್ಲ, ಗೇರು ಬೆಣ್ಣೆಯ ಹಾಗೆ ಬಿತ್ತು, ಕನ್ನಡಿ ನೋಡಿದರು, ಕೈ ತೋರಿಸಿದರು, ಅವನಿಗೆ ಖುಷಿಯಾಗಿತ್ತು, ಖುಷಿಯಾಗಿ ಕಿಟಕಿಯಾಚೆ ನೋಡುತ್ತ ಒಂಬತ್ತು ದಿನ ಆದಮೇಲೆ ತನ್ನ ಲೈಸೆನ್ಸು ತರುವ ಲೆಕ್ಕದಲ್ಲಿದ್ದ, ತಿರುಗಿ ನೋಡಿದರೆ ಮುದುಕಪ್ಪ ಕೋಲೂರಿಕೊಂಡು ನಡುರಸ್ತೆಯಲ್ಲಿ, ಅಯ್ಯೋ —

ಅಯ್ಯೋ ಎಂದು ಎಳೆದೇಬಿಟ್ಟ, ಬೀರುವಿನ ಬಾಗಿಲು ಡಬ್ಬದ ಹಾಗೆ ಮಡಚಿಕೊಂಡಿತು, ಮುದುಕಪ್ಪ ಏನೂ ಆಗದವನ ಹಾಗೆ ಆಚೆ ದಡ ಸೇರಿ ನಿಂತು ನೋಡಿದ, ಜನ ಸೇರಿದರು, ಪೊಲೀಸಿನವನ ಸೀಟಿ, ಆಗ ಮೇಷ್ಟ್ರ ಬಾಯಿಂದ ಬಂದ ಮೊದಲ ಮಾತು, ಇಪ್ಪತ್ತೆರಡು ವರ್ಷದ ಅಭ್ಯಾಸ, ತಪ್ಪು ಯಾವಾಗಲೂ ಕಲಿಯುವವರದೇ ಅಲ್ಲವೇ, ಜನ ಕೇಳಲಿ ಎಂಬಂತೆ ಗಟ್ಟಿಯಾಗಿ, ಯಾಕಮ್ಮಾ ಹೆದರಿಬಿಟ್ರಿ! ಸಿಸ್ಟರಮ್ಮ ಅವನ ಮುಖ ನೋಡಿದರು, ಹೆದರಿದೆನೇ ಎಂದು ಕೇಳುವ ಹಾಗೆ, ಆಮೇಲೆ ತಲೆ ತಗ್ಗಿಸಿ, ಹೌದು ಹೆದರಿಬಿಟ್ಟೆ ಮೇಷ್ಟ್ರೇ ಅಂದರು, ಮೇಷ್ಟ್ರು ಹೇಳಿದ ಮೇಲೆ ಇರಲೇಬೇಕು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ, ಆ ಮೇಕೆ ತಾನೇ ತಿಂದೆ ಎಂದು ಒಪ್ಪಿಕೊಂಡ ಕತೆಯನ್ನು ಯಾರೂ ಹೇಳಲಿಲ್ಲ. ಮರುವಾರ ಸಿಸ್ಟರಮ್ಮ ಆ ಕೆಲಸ ಬೇಡವೆಂದು ಆಸ್ಪತ್ರೆಗೆ ಬರೆದುಕೊಟ್ಟರಂತೆ, ನನ್ನಂಥೋಳು ರಸ್ತೆಗಿಳಿಯಬಾರದು ಮೇಷ್ಟ್ರೇ, ಯಾರ್ದಾದ್ರೂ ಜೀವ ತೆಗೀತೀನಿ, ಇನ್ನೊಬ್ಬರ ಜೀವ ಕಾಯೋ ಕೆಲಸದೋಳು ನಾನು, ಎಂದು ಫೋನಿನಲ್ಲಿ ಹೇಳಿದ್ದರು, ಏಳು ತಿಂಗಳಾಯಿತು, ಅವನು ಏನು ಹೇಳಿದ್ದ, ಛೇ ಛೇ ಹಾಗನ್ಬೇಡಿ ಎಂದು ಹೇಳಿ ಫೋನು ಇಟ್ಟಿದ್ದ, ಅಷ್ಟೇ.

ಹೇಳಿಯಮ್ಮಾ, ಆವತ್ತು ಏನಾಯ್ತು, ಎನ್ನುತ್ತಿದ್ದಾನೆ ಭಾವಮೈದ, ದನಿಯಲ್ಲಿ ಜೇನು. ಮೇಷ್ಟ್ರದ್ದು ಏನೂ ತಪ್ಪಿಲ್ಲ ಸ್ವಾಮಿ, ಸಿಸ್ಟರಮ್ಮ ನೇರ ನ್ಯಾಯಾಧೀಶರಿಗೇ ಹೇಳುತ್ತಾರೆ, ನಾನೇ ಓಡಿಸ್ತಾ ಇದ್ದೆ, ತಾತ ಅಡ್ಡ ಬಂದ್ರು, ನಾನು ಗಾಬರಿಯಾಗಿ ಬ್ರೇಕ್ ಒತ್ತೋದೇ ಮರೆತುಬಿಟ್ಟೆ, ಅವರು ಎಳೀದೇ ಇದ್ದಿದ್ರೆ ತಾತ ಉಳೀತಿರಲಿಲ್ಲ. ಟೈಪಿಸ್ಟಳ ಬೆರಳು ಟಕಟಕ ಓಡುತ್ತದೆ, ಬ್ರೇಕ್ ಒತ್ತುವುದನ್ನು ಮರೆತೆ, ಅಕ್ಷರ ಬಿತ್ತು, ಇನ್ನು ಅದು ಸರ್ಕಾರದ ಕಾಗದದಲ್ಲಿ ಈ ಹೆಂಗಸು ಸಾಯುವವರೆಗೂ ಇರುತ್ತದೆ, ಭಾವಮೈದನ ಕಿವಿ ಸಂತೋಷಕ್ಕೆ ಕೆಂಪಾಗಿದೆ, ಗೆದ್ದೆವು, ಗೆದ್ದೇಬಿಟ್ಟೆವು, ಎದೆ ಹಗುರಾಗಬೇಕಿತ್ತು, ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನಲಿಲ್ಲ, ಆದರೂ ಕೈ ಹೆಗಲ ಕಡೆಗೇ ಹೋಗುತ್ತದೆ. ಸರ್ಕಾರಿ ವಕೀಲರು ಎದ್ದು ಕೇಳಿದರು, ಅಮ್ಮಾ, ತಾತ ಕಂಡಾಗ ಹೇಗೆ ಕೂತಿದ್ರಿ, ಕೈ ಎಲ್ಲಿತ್ತು, ಸ್ವಲ್ಪ ತೋರಿಸಿ. ಸಿಸ್ಟರಮ್ಮ ಕಣ್ಣು ಮುಚ್ಚಿದರು, ಎರಡು ಕೈಯನ್ನೂ ಗಾಳಿಯಲ್ಲಿ ಹಿಡಿದರು, ಹೀಗೆ ಬರ್ತಾ ಇದ್ದೆ, ಬಲಗಡೆ ಹಣ್ಣಿನಂಗಡಿ, ತಾತ ಕೆಳಗಿಳಿದ್ರು, ಆಗ — ಸಾಕ್ಷಿಯ ಕಟಕಟೆಗೆ ಮೇಲೆ ಕಂಬಿ ಅಷ್ಟೇ, ಕೆಳಗೆ ಬಯಲು, ಇವನು ನಿಂತ ಜಾಗದಿಂದ ಚಪ್ಪಲಿಯವರೆಗೂ ಕಾಣುತ್ತದೆ, ಆಗ ಎನ್ನುವ ಮಾತಿಗೆ ಬಲಗಾಲು ಎದ್ದು ಹಲಗೆಯನ್ನು ಒತ್ತಿತು, ತಡವರಿಸದೆ, ಹದವಾಗಿ, ಅವನು ಕಲಿಸಿದ ಹಾಗೆಯೇ. ಬಾಯಿ ಮಾತ್ರ, ಆಗ ಮರೆತುಬಿಟ್ಟೆ ಸ್ವಾಮಿ, ಎನ್ನುತ್ತಿತ್ತು.

ಬೇರೆ ಯಾರೂ ನೋಡಲಿಲ್ಲ, ಅವನೊಬ್ಬನೇ, ಮತ್ತು ಏಳು ತಿಂಗಳಿಂದ ಅವನು ಎಲ್ಲಿಗೆ ಹೋಗದೆ ಸುತ್ತುಹಾಕಿ ಸುತ್ತುಹಾಕಿ ಬರುತ್ತಿದ್ದನೋ ಅಲ್ಲಿಗೇ ಈಗ ಬಂದು ನಿಂತ, ಕಲಿಸುವ ಗಾಡಿಯಲ್ಲಿ ಎರಡು ಬ್ರೇಕು, ಎರಡಕ್ಕೂ ನಡುವೆ ಒಂದೇ ಕಬ್ಬಿಣದ ಸರಳು, ಅಲ್ಲಿ ಒತ್ತಿದರೆ ಇಲ್ಲಿಯೂ ಇಳಿಯುತ್ತದೆ, ಇಲ್ಲಿ ಒತ್ತಿದರೆ ಅಲ್ಲಿಯೂ, ಆವತ್ತು ಅಯ್ಯೋ ಎಂದು ಕಾಲು ಚಾಚಿದಾಗ ಪೆಡಲ್ಲು ಇರಬೇಕಾದ ಎತ್ತರದಲ್ಲಿ ಇರಲಿಲ್ಲ, ಕಾಲು ಖಾಲಿಯಲ್ಲಿ ಇಳಿಯಿತು, ಕತ್ತಲಲ್ಲಿ ಇಲ್ಲದ ಮೆಟ್ಟಿಲನ್ನು ಇಳಿದ ಹಾಗೆ, ಕೆಳಗೆ, ತೀರಾ ಕೆಳಗೆ ಸಿಕ್ಕಿತು, ಆಗಲೇ ಒತ್ತಿಯಾಗಿತ್ತು, ಸಿಸ್ಟರಮ್ಮ ಒತ್ತಿಯಾಗಿತ್ತು, ಗಾಡಿ ನಿಲ್ಲುತ್ತಿತ್ತು, ಮುದುಕಪ್ಪನಿಗೆ ಎರಡು ಮಾರು ದೂರದಲ್ಲೇ ನಿಲ್ಲುತ್ತಿತ್ತು, ಅದು ಕಾಲಿಗೆ ಗೊತ್ತಾಯಿತು, ಗೊತ್ತಾದ ಮೇಲೂ ಕೈ ಹೋಯಿತು, ಹೆದರಿದವನು ಅವನು. ಬೇರೆ ದಾರಿ ಇತ್ತು, ಸುಮ್ಮನೆ ಕೂತಿರುವ ದಾರಿ. ಆಯ್ತು, ಆರೋಪಿಗೆ ಏನಾದ್ರೂ ಹೇಳೋದಿದೆಯಾ, ನ್ಯಾಯಾಧೀಶರು ಕರವಸ್ತ್ರದೊಳಗಿಂದ ಕೇಳಿದರು. ಇಲ್ಲ ಸ್ವಾಮಿ, ಅಷ್ಟು ಹೇಳಿದರೆ ಸಾಕು ಭಾವ, ಕೈ ಮುಗಿದು ನಿಂತ್ಕೊಳ್ಳಿ, ಎಂದು ಭಾವಮೈದ ಬೆಳಗ್ಗೆಯೇ ಹೇಳಿಕೊಟ್ಟಿದ್ದ. ಇಲ್ಲ ಸ್ವಾಮಿ ಎಂದರೆ ಬೋರ್ಡು ಉಳಿಯುತ್ತದೆ, ಗಾಡಿ ಉಳಿಯುತ್ತದೆ, ನಾಳೆ ಬೆಳಗ್ಗೆ ಆರೂವರೆಯ ಪಾಠ ಉಳಿಯುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ, ಸಿಸ್ಟರಮ್ಮನಿಗೂ ಗೊತ್ತಾಗುವುದಿಲ್ಲ, ಆಕೆಗೇ ಗೊತ್ತಾಗುವುದಿಲ್ಲ, ಅಯ್ಯೋ ಆಕೆಗೇ ಗೊತ್ತಿಲ್ಲವಲ್ಲ —

ಇದೆ ಸ್ವಾಮಿ, ಎಂದ. ಆಯಮ್ಮ ಹೆದರ್ಲಿಲ್ಲ. ನನಗಿಂತ ಮೊದಲೇ ಬ್ರೇಕ್ ಒತ್ತಿದ್ರು, ನನ್ನ ಕಡೆ ಪೆಡಲ್ಲು ಆಗ್ಲೇ ಕೆಳಗಿತ್ತು, ಗಾಡಿ ನಿಲ್ತಾ ಇತ್ತು, ಹೆದರಿ ಸ್ಟೇರಿಂಗ್ ಎಳೆದೋನು ನಾನು, ತಾತಂಗೆ ಏನೂ ಆಗ್ತಿರಲಿಲ್ಲ. ಭಾವಾ, ಎಂದ ಭಾವಮೈದ, ಮದುವೆಮನೆಯ ಹುಡುಗನ ದನಿಯಲ್ಲಿ. ಟೈಪಿಸ್ಟಳ ಬೆರಳು ನಿಂತಿತು, ಸ್ವಲ್ಪ ನಿಧಾನಕ್ಕೆ ಇನ್ನೊಂದ್ಸಲ ಹೇಳಿ ಎಂದಳು, ಇನ್ನೊಂದು ಸಲ ಹೇಳಬೇಕಾಯಿತು, ಒಂದೊಂದೇ ಪದ, ಅವಳು ಬಡಿಯುವವರೆಗೂ ಕಾದು, ಹೆದರಿ, ಎಳೆದವನು, ನಾನು, ಹಿಂದಿನ ಬೆಂಚು ಕಿರ್ರೆಂದಿತು, ಹೆಂಡತಿ ಎದ್ದಳೋ ಕೂತಳೋ, ತಿರುಗುವ ಧೈರ್ಯವಿಲ್ಲ, ಮುಗಿಯಿತು, ಇಪ್ಪತ್ತೆರಡು ವರ್ಷ ಮುಗಿಯಿತು, ಸಿಸ್ಟರಮ್ಮ ಕಣ್ಣು ತೆರೆದು ಇವನನ್ನೇ ನೋಡುತ್ತಿದ್ದಾರೆ, ಕೃತಜ್ಞತೆ ಇಲ್ಲ, ನಗು ಇಲ್ಲ, ಏಳು ತಿಂಗ್ಳು ಮೇಷ್ಟ್ರೇ, ಎಂದರು, ಮೆಲ್ಲಗೆ, ಅಷ್ಟೇ ಎಂದರು, ಅವನಿಗೆ ನಾಚಿಕೆಯಾಯಿತು, ಕಣ್ಣು ತಾಳಲಾರದೆ ಕೆಳಗಿಳಿಯಿತು, ಸೀರೆಯ ಅಂಚು, ಚಪ್ಪಲಿ, ಹಲಗೆ, ಕಾಲನ್ನು ಅವರು ಇನ್ನೂ ಎತ್ತಿಲ್ಲ, ಬಲಗಾಲು ಹಲಗೆಯನ್ನು ಒತ್ತಿಯೇ ಇದೆ, ಗಟ್ಟಿಯಾಗಿ, ಅಲುಗದೆ, ಒತ್ತಿಯೇ ಇದೆ, ಒತ್ತಿಯೇ